ಡಾರ್ವಿನ್ ಲಮಾರ್ಕ್‌ನನ್ನು ಪೂರ್ತಿ ಕೈಬಿಟ್ಟಿರಲಿಲ್ಲ

ಜೀವಿಗಳು ಬದುಕಿನಲ್ಲಿ ಗಳಿಸಿದ ಬದಲಾವಣೆ ಮರಿಗಳಿಗೆ ದಾಟುತ್ತದೆ ಎಂದು ಡಾರ್ವಿನ್‌ಗಿಂತ ಮೊದಲೇ ಫ್ರೆಂಚ್ ವಿಜ್ಞಾನಿ ಲಮಾರ್ಕ್ ಹೇಳಿದ್ದು ತಪ್ಪು, ಡಾರ್ವಿನ್ ಬಂದು ಅದನ್ನು ತಳ್ಳಿಹಾಕಿದರು ಎಂದು ಜೀವವಿಕಾಸದ ಬಗ್ಗೆ ನಾನು ಓದಿದ ಲೇಖನವೊಂದು ಎರಡೇ ಸಾಲಿನಲ್ಲಿ ಮುಗಿಸಿಬಿಟ್ಟಿದೆ. ನಡೆದದ್ದು ಹಾಗಲ್ಲ. ಬಳಸಿದ ಅಂಗ ಬಲಿಯುತ್ತದೆ, ಬಳಸದ್ದು ಕುಗ್ಗುತ್ತದೆ, ಆ ಬದಲಾವಣೆ ಮರಿಗಳಿಗೂ ದಾಟಬಹುದು ಎಂಬುದನ್ನು ಡಾರ್ವಿನ್ ಕೂಡ ಒಪ್ಪಿದ್ದರು. 1868ರಲ್ಲಿ ಅದಕ್ಕೊಂದು ವಿವರಣೆಯನ್ನೂ ಕೊಟ್ಟರು: ದೇಹದ ಎಲ್ಲ ಭಾಗಗಳಿಂದ 'ಜೆಮ್ಯೂಲ್' ಎಂಬ ಸೂಕ್ಷ್ಮ ಕಣಗಳು ಹೊರಟು ಜನನಾಂಗಗಳಲ್ಲಿ ಸೇರಿ ಮುಂದಿನ ಪೀಳಿಗೆಗೆ ಹೋಗುತ್ತವೆ ಎಂದು.

ಇದನ್ನು ಪರೀಕ್ಷೆಗೆ ಒಡ್ಡಿದವರು ಡಾರ್ವಿನ್ ಅವರ ಸಂಬಂಧಿಯೇ ಆದ ವಿಜ್ಞಾನಿ ಗಾಲ್ಟನ್. ಬೇರೆ ಬಣ್ಣದ ಮೊಲಗಳ ರಕ್ತವನ್ನು ಬೂದುಬಣ್ಣದ ಶುದ್ಧ ತಳಿಯ ಮೊಲಗಳಿಗೆ ಹಾಯಿಸಿ, ಅವುಗಳ ಮರಿಗಳನ್ನು ನೋಡಿದರು. ಕಣಗಳು ರಕ್ತದಲ್ಲಿ ಹರಿಯುತ್ತಿದ್ದರೆ ಮರಿಗಳ ಬಣ್ಣ ಬೆರೆಯಬೇಕಿತ್ತು, ಬೆರೆಯಲಿಲ್ಲ. ಕಣಗಳು ರಕ್ತದಲ್ಲಿರುತ್ತವೆ ಎಂದು ತಾನು ಹೇಳಿಯೇ ಇಲ್ಲ ಎಂದು 1871ರಲ್ಲಿ ಡಾರ್ವಿನ್ ಉತ್ತರ ಕೊಟ್ಟರು. ಅಷ್ಟು ದೊಡ್ಡ ವಿಜ್ಞಾನಿಯೂ ಆನುವಂಶಿಕತೆಯ ವಿಷಯದಲ್ಲಿ ಎಷ್ಟು ತಡಕಾಡಿದರು ಎಂಬುದು ಇಲ್ಲಿ ಕಾಣುತ್ತದೆ. ನನಗಂತೂ ಇದರಿಂದ ಅವರ ಮೇಲಿನ ಗೌರವ ಹೆಚ್ಚೇ ಆಗಿದೆ.

ಆ ಹೊತ್ತಿಗೆ ಆನುವಂಶಿಕತೆಯ ನಿಯಮಗಳನ್ನು ಕಂಡುಹಿಡಿದ ಮೆಂಡೆಲ್ ಅವರ ಬಟಾಣಿ ಪ್ರಯೋಗ ಅಚ್ಚಾಗಿತ್ತು (1866). ದುಂಡು ಬೀಜದ, ಸುಕ್ಕು ಬೀಜದ ಗಿಡಗಳನ್ನು ಕೂಡಿಸಿ ಬೆಳೆಸಿದಾಗ ಎರಡನೇ ಪೀಳಿಗೆಯಲ್ಲಿ 5,474 ದುಂಡು ಬೀಜ, 1,850 ಸುಕ್ಕು ಬೀಜ, ಹೆಚ್ಚುಕಡಿಮೆ ಮೂರಕ್ಕೆ ಒಂದು. ಗುಣಗಳು ಕಲಸಿಹೋಗುವುದಿಲ್ಲ ಎಂಬ ಪುರಾವೆ ಅಲ್ಲೇ ಇತ್ತು, 1900ರವರೆಗೆ ಅದರ ಮಹತ್ವ ಯಾರಿಗೂ ತಿಳಿಯಲಿಲ್ಲ.

ಲೇಖನದಲ್ಲಿ ಜರ್ಮನ್ ಜೀವವಿಜ್ಞಾನಿ ವೈಸ್‌ಮನ್ ಹೆಸರೇ ಇಲ್ಲದಿರುವುದು ದೊಡ್ಡ ಕೊರತೆ. ಪೀಳಿಗೆಯಿಂದ ಪೀಳಿಗೆಗೆ ಇಲಿಗಳ ಬಾಲ ಕತ್ತರಿಸಿ, ಮರಿಗಳು ಪೂರ್ತಿ ಬಾಲದೊಂದಿಗೇ ಹುಟ್ಟುವುದನ್ನು ತೋರಿಸಿದವರು ಅವರು. ದೇಹಕ್ಕೆ ಆದದ್ದು ಬೀಜಕೋಶಕ್ಕೆ (ಅಂಡಾಣು, ವೀರ್ಯಾಣುಗಳಿಗೆ) ದಾಟುವುದಿಲ್ಲ ಎಂದು ಖಡಾಖಂಡಿತವಾಗಿ ವಾದಿಸಿದ್ದು ಡಾರ್ವಿನ್ ಅಲ್ಲ, ವೈಸ್‌ಮನ್.