ಸ್ಪಷ್ಟನೆ: ಅಮೆರಿಕದ ಸಂವಿಧಾನದಲ್ಲಿ ‘ಕ್ರೈಸ್ತ ರಾಷ್ಟ್ರ’ ಎಂಬ ಮಾತಿಲ್ಲ

‘ಅಮೆರಿಕ ಕ್ರೈಸ್ತ ರಾಷ್ಟ್ರವೆಂದು ಅದರ ಸಂವಿಧಾನದಲ್ಲೇ ಬರೆದಿದೆ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಅದು ಸರಿಯಲ್ಲ. ಎರಡು ಬೇರೆ ಬೇರೆ ದಾಖಲೆಗಳನ್ನು ಇಲ್ಲಿ ಕಲಸಿದ್ದಾರೆ. ‘ಸೃಷ್ಟಿಕರ್ತ’ನ ಮಾತು ಬರುವುದು 1776ರ ಸ್ವಾತಂತ್ರ್ಯ ಘೋಷಣೆಯಲ್ಲಿ. 1787ರ ಸಂವಿಧಾನದಲ್ಲಿ ಸಿಗುವುದು ಕೊನೆಯ ತಾರೀಖಿನ ಸಾಲಿನ ‘ನಮ್ಮ ಪ್ರಭುವಿನ (ಅಂದರೆ ಯೇಸುವಿನ) ವರ್ಷ’ ಅಷ್ಟೇ. ಆ ಕಾಲದಲ್ಲಿ ತಾರೀಖು ಬರೆಯುತ್ತಿದ್ದ ರೂಢಿಯೇ ಅದು. 6ನೇ ವಿಧಿಯಂತೂ ಕೇಂದ್ರ ಸರ್ಕಾರದ ಯಾವ ಹುದ್ದೆಗೂ ಧರ್ಮದ ಪರೀಕ್ಷೆ (ಇಂಥ ಧರ್ಮದವರೇ ಆಗಿರಬೇಕೆಂಬ ಷರತ್ತು) ಕೂಡದು ಎನ್ನುತ್ತದೆ.

ಹಾಗೆಂದು ಚರ್ಚಿಗೂ ಸರ್ಕಾರಕ್ಕೂ ಅಂದೇ ನಂಟು ಕಡಿದಿತ್ತು ಅನ್ನುವುದೂ ತಪ್ಪು. ಸರ್ಕಾರಿ ಧರ್ಮ ಸ್ಥಾಪಿಸುವ ಕಾನೂನು ಕೂಡದು ಎಂದ 1791ರ ಮೊದಲ ಸಂವಿಧಾನ ತಿದ್ದುಪಡಿ ಕಟ್ಟಿಹಾಕಿದ್ದು ಕಾಂಗ್ರೆಸ್ಸನ್ನು (ಅಲ್ಲಿನ ಸಂಸತ್ತು, ನಮ್ಮ ಪಕ್ಷವಲ್ಲ!), ರಾಜ್ಯಗಳನ್ನಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಪಾದ್ರಿಗಳ ಸಂಬಳಕ್ಕೆಂದು ತೆರಿಗೆ ಎತ್ತುವ ಪದ್ಧತಿ 1833ರವರೆಗೂ ಇತ್ತು. ಧರ್ಮಕ್ಕೂ ಸರ್ಕಾರಕ್ಕೂ ನಡುವಿನ ‘ಗೋಡೆ’ಯ ಮಾತು ಆಗಿನ ಅಧ್ಯಕ್ಷ ಜೆಫರ್ಸನ್ 1802ರಲ್ಲಿ ಡ್ಯಾನ್‌ಬರಿ ಊರಿನ ಬ್ಯಾಪ್ಟಿಸ್ಟರಿಗೆ (ಒಂದು ಕ್ರೈಸ್ತ ಪಂಗಡದವರಿಗೆ) ಬರೆದ ಪತ್ರದ್ದು, ಸಂವಿಧಾನದ್ದಲ್ಲ.