ಎಂಜಿನ್ ಬಿಲ್ ಬೀಳುವುದು ಎರಡನೇ ಮಾಲೀಕನ ತಲೆಗೆ

"ಈಗಿನ ಎಂಜಿನ್‌ಗಳು ಮೊದಲಿನಷ್ಟು ಗಟ್ಟಿ ಇಲ್ಲ" ಅನ್ನುವ ಮಾತು ಯಾವ ಗ್ಯಾರೇಜಿಗೆ ಹೋದರೂ ಕಿವಿಗೆ ಬೀಳುತ್ತದೆ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಮೊದಲ ನಾಲ್ಕೈದು ವರ್ಷ ಈಗಿನ ಗಾಡಿಗಳು ಹಳೆಯವಕ್ಕಿಂತ ಎಷ್ಟೋ ಚೆನ್ನಾಗಿ ಓಡುತ್ತವೆ. ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಮಾಡಲು ಒದ್ದಾಡಬೇಕಿಲ್ಲ, ಘಾಟಿ ಹತ್ತುವಾಗ ಬಾನೆಟ್ ಎತ್ತಿ ನೀರು ಹೊಯ್ಯಬೇಕಿಲ್ಲ. ನನ್ನ ತಕರಾರು ಇರುವುದು ಅದರ ಮುಂದಿನ ವರ್ಷಗಳ ಬಗ್ಗೆ. ವಾರಂಟಿ ಮುಗಿದು ಗಾಡಿ ಕೈ ಬದಲಾದ ಮೇಲೆ, ಯಾವುದೋ ಒಂದು ಭಾಗ ಕೆಟ್ಟರೆ ಗಾಡಿ ಬೆಲೆಯ ಕಾಲು ಭಾಗವನ್ನೇ ಬಿಲ್ ನುಂಗುವ ಹಾಗೆ ಆಗಿದೆ. ಹೊಸ ಗಾಡಿ ಕೊಂಡವನಿಗೆ ಆ ಬಿಸಿ ತಟ್ಟುವುದೇ ಇಲ್ಲ, ಅಷ್ಟು ಹೊತ್ತಿಗೆ ಅವನು ಎಕ್ಸ್‌ಚೇಂಜ್‌ಗೆ ಹಾಕಿ ಇನ್ನೊಂದು ತಂದಿರುತ್ತಾನೆ. ತಟ್ಟುವುದು ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಕೊಂಡವನಿಗೆ. ಬೆಂಗಳೂರಿನಲ್ಲಿ ಮಾರಿದ ಗಾಡಿ ಹಾಸನಕ್ಕೋ ಚಿತ್ರದುರ್ಗಕ್ಕೋ ಹಾವೇರಿಗೋ ಬರುತ್ತದೆ. ಅದರ ಹಿಂದೆಯೇ ಬಿಲ್ಲೂ ಬರುತ್ತದೆ.

ಹಿಂದೆ ಹೀಗಿರಲಿಲ್ಲ ಅಂದರೆ ಅದು ಬರೀ ಹಳೆಯ ಕಾಲದ ಮೋಹ ಅಲ್ಲ, ಅದಕ್ಕೆ ಕಾರಣವಿದೆ. ನಮ್ಮ ಬಿಡದಿಯಲ್ಲಿ 2000ದಿಂದ 2005ರವರೆಗೆ ತಯಾರಾದ ಟೊಯೋಟಾ ಕ್ವಾಲಿಸ್‌ನ್ನೇ ತೆಗೆದುಕೊಳ್ಳಿ. 2.4 ಲೀಟರ್ ಡೀಸೆಲ್ ಎಂಜಿನ್, ಗಾಳಿ ತುರುಕಿ ಶಕ್ತಿ ಹೆಚ್ಚಿಸುವ ಟರ್ಬೊ ಇಲ್ಲ, ಶಕ್ತಿ ಹೆಚ್ಚೂಕಡಿಮೆ 75 ಎಚ್‌ಪಿ. ಅಷ್ಟು ದೊಡ್ಡ ಎಂಜಿನ್ನಿನಿಂದ ಅಷ್ಟು ಕಮ್ಮಿ ಕೆಲಸ ತೆಗೆಯುತ್ತಿದ್ದುದರಿಂದ ಅದಕ್ಕೆ ಸುಸ್ತೇ ಆಗುತ್ತಿರಲಿಲ್ಲ. ಡೀಸೆಲ್ ಪಂಪು ಮೆಕ್ಯಾನಿಕಲ್. ಹೊಗೆ ಜಾಸ್ತಿಯಾದರೆ ಡೀಸೆಲ್ ಚಿಮ್ಮಿಸುವ ನಾಜಲ್ ಬಿಚ್ಚಿ ಪ್ರೆಶರ್ ಸೆಟ್ ಮಾಡಿಸುವುದು, ಕಂಪ್ರೆಷನ್ ಹೋದರೆ ಬ್ಲಾಕನ್ನು ಲೇತ್ ಅಂಗಡಿಗೆ ಒಯ್ದು ಬೋರ್ ಮಾಡಿಸಿ, ಅಂದರೆ ಸವೆದ ಸಿಲಿಂಡರನ್ನು ಕೊಂಚ ಅಗಲಿಸಿ, ಅದಕ್ಕೆ ಕೂರುವ ಓವರ್‌ಸೈಜ್ ಪಿಸ್ಟನ್ ಹಾಕಿಸುವುದು. ಒಂದು ವಾರ ಗಾಡಿ ನಿಲ್ಲುತ್ತಿತ್ತು, ಆಮೇಲೆ ಮತ್ತೆ ಲಕ್ಷಾಂತರ ಕಿಲೋಮೀಟರ್ ಓಡುತ್ತಿತ್ತು.

ಇಲ್ಲಿ ಬೆಂಗಳೂರಿನ ಪಾಲು ದೊಡ್ಡದು. 1951ರಲ್ಲಿ ಶುರುವಾದ ಮೈಕೋ, ಅಂದರೆ ಈಗಿನ ಬಾಷ್, ಆಡುಗೋಡಿಯಲ್ಲಿ ಡೀಸೆಲ್ ಪಂಪು, ನಾಜಲ್, ಸ್ಪಾರ್ಕ್ ಪ್ಲಗ್ ತಯಾರಿಸಿ ದೇಶಕ್ಕೆಲ್ಲ ಕೊಟ್ಟಿತು. ಪಂಪು ಬಿಚ್ಚಿ ಕ್ಯಾಲಿಬ್ರೇಷನ್ ಮಾಡಿಕೊಡುವ ಅಂಗಡಿ ನಮ್ಮಲ್ಲಿ ಯಾವ ಜಿಲ್ಲಾ ಕೇಂದ್ರಕ್ಕೆ ಹೋದರೂ ಸಿಗುತ್ತಿತ್ತು. ಅಲ್ಲಿ ಕೈ ಪಳಗಿದ ಹುಡುಗರು ಟ್ರ್ಯಾಕ್ಟರು, ಲಾರಿ, ಜೀಪು ಯಾವುದನ್ನು ತಂದು ನಿಲ್ಲಿಸಿದರೂ ಬದುಕಿಸುತ್ತಿದ್ದರು. ಮಲೆನಾಡಿನ ತೋಟಗಳಲ್ಲಿ ಮೂವತ್ತು ವರ್ಷದ ಜೀಪುಗಳು ಇವತ್ತಿಗೂ ಓಡುತ್ತಿವೆಯೆಂದರೆ ಅದರ ಅರ್ಧ ಪುಣ್ಯ ಆ ಅಂಗಡಿಗಳಿಗೆ ಸೇರಬೇಕು. ಗಾಡಿ ಎಷ್ಟು ವರ್ಷ ಬಾಳುತ್ತದೆ ಅನ್ನುವುದು ಕಬ್ಬಿಣದ ಮೇಲೆ ಎಷ್ಟು ನಿಂತಿದೆಯೋ, ಅದನ್ನು ಬಿಚ್ಚಿ ಜೋಡಿಸಬಲ್ಲ ಕೈ ಊರಲ್ಲಿ ಇದೆಯೋ ಇಲ್ಲವೋ ಅನ್ನುವುದರ ಮೇಲೂ ಅಷ್ಟೇ ನಿಂತಿದೆ.

ಭಾರೀ ಒತ್ತಡದ ಡೀಸೆಲ್ಲನ್ನು ಕಂಪ್ಯೂಟರ್ ಲೆಕ್ಕದಲ್ಲಿ ಚಿಮ್ಮಿಸುವ ಕಾಮನ್ ರೈಲ್ ಬಂದ ಮೇಲೂ ಈ ಮಾತು ಸುಳ್ಳಾಗಲಿಲ್ಲ. ಸ್ವಿಫ್ಟ್‌ನಲ್ಲಿದ್ದ ಫಿಯಟ್‌ನ 1.3 ಲೀಟರ್ ಮಲ್ಟಿಜೆಟ್ ಎಂಜಿನ್ ನೆನಪಿದೆಯಲ್ಲ? ಮಾರುತಿ, ಟಾಟಾ, ಫಿಯಟ್ ಮೂವರೂ ಅದನ್ನೇ ಬಳಸಿದರು. "ನ್ಯಾಷನಲ್ ಎಂಜಿನ್" ಅಂತಲೇ ಹೆಸರಾಯಿತು. ಅದೂ ಟರ್ಬೊ ಇದ್ದ, ಕಂಪ್ಯೂಟರ್ ಇದ್ದ, ನಾಜೂಕಾದ ಇಂಜೆಕ್ಟರ್‌ಗಳಿದ್ದ ಎಂಜಿನ್ನೇ. ಆದರೆ ಲಕ್ಷಗಟ್ಟಲೆ ಗಾಡಿಗಳಲ್ಲಿ ಒಂದೇ ಎಂಜಿನ್ ಇದ್ದುದರಿಂದ ತಾಲ್ಲೂಕಿನ ಮೆಕ್ಯಾನಿಕ್‌ಗೂ ಅದರ ನಾಡಿ ಗೊತ್ತಾಯಿತು. ಟೈಮಿಂಗ್ ಚೈನ್ ಕಿಟ್ಟಿನಿಂದ ಹಿಡಿದು ಟರ್ಬೊವರೆಗೆ ಎಲ್ಲವೂ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಸಿಗುವಂತಾಯಿತು. ಹಾಗಾಗಿ ಎರಡನೇ, ಮೂರನೇ ಮಾಲೀಕನೂ ಅದನ್ನು ಸಾಕಬಲ್ಲವನಾದ. 2020ರಲ್ಲಿ ಗಾಡಿ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂದಾಗ ಆ ಎಂಜಿನ್‌ಗೆ ತೆರೆ ಬಿತ್ತು, ಮಾರುತಿ ಡೀಸೆಲ್ಲನ್ನೇ ಬಿಟ್ಟಿತು.

ಬಿಎಸ್6ನಿಂದಲೇ ಎಲ್ಲ ಕೆಟ್ಟಿತು ಅಂತ ಬೈಯುವವರ ಜೊತೆ ನಾನಿಲ್ಲ. ಬಿಎಸ್5ನ್ನು ದಾಟಿ ನೇರ ಬಿಎಸ್6ಗೆ ಹಾರಿದ್ದು ಒಳ್ಳೆಯ ತೀರ್ಮಾನ. ಡೀಸೆಲ್‌ನಲ್ಲಿ ಗಂಧಕ 50 ಪಿಪಿಎಂನಿಂದ (ಹತ್ತು ಲಕ್ಷಕ್ಕೆ 50 ಪಾಲು) 10ಕ್ಕೆ ಇಳಿಯಿತು. ಬಸ್ ಸ್ಟಾಪಿನಲ್ಲಿ ನಿಂತ ಮಕ್ಕಳ ಎದೆಗೆ ಇಳಿಯುತ್ತಿದ್ದ ಮಸಿಯನ್ನು ಗಾಡಿಯೊಳಗೇ ಹಿಡಿದಿಡುವ ಡಿಪಿಎಫ್ ಬಂತು. ಅದು ಬೇಕೇ ಬೇಕು. ಆದರೆ ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೈ ಕೊಡುತ್ತದೆ ಅನ್ನುವುದನ್ನು ಗಾಡಿ ಮಾರುವ ಯಾರೂ ಕೊಳ್ಳುವವನಿಗೆ ಕೂತು ಹೇಳುವುದಿಲ್ಲ, ಹಾಗಾಗಿ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಡಿಪಿಎಫ್ ಒಂದು ಜರಡಿ. ಹೊಗೆಯಲ್ಲಿನ ಮಸಿ ಅದರಲ್ಲಿ ಕೂತುಕೊಳ್ಳುತ್ತದೆ. ತುಂಬುತ್ತಾ ಬಂದಾಗ ಎಂಜಿನ್ ಕಂಪ್ಯೂಟರ್ ಒಂದಿಷ್ಟು ಹೆಚ್ಚು ಡೀಸೆಲ್ ಚಿಮ್ಮಿಸಿ ಜರಡಿಯನ್ನು ಸುಮಾರು 600 ಡಿಗ್ರಿಗೆ ಕಾಯಿಸುತ್ತದೆ, ಮಸಿ ಅಲ್ಲೇ ಸುಟ್ಟು ಬೂದಿಯಾಗುತ್ತದೆ. ಇದಕ್ಕೆ ರೀಜನರೇಷನ್ ಅನ್ನುತ್ತಾರೆ. ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಿದ್ದರೆ ನಮಗೆ ಗೊತ್ತೇ ಆಗದಂತೆ ಮುಗಿದುಹೋಗುತ್ತದೆ. ಆದರೆ ಮನೆಯಿಂದ ಮೂರು ಕಿಲೋಮೀಟರ್ ಹೋಗಿ ಆಫ್, ಮತ್ತೆ ಮೂರು ಕಿಲೋಮೀಟರ್ ಬಂದು ಆಫ್ ಮಾಡುವವರ ಗಾಡಿಯಲ್ಲಿ ಅದು ಪ್ರತಿ ಸಲ ಅರ್ಧಕ್ಕೇ ನಿಲ್ಲುತ್ತದೆ. ಹಾಗೆ ಹೆಚ್ಚಿಗೆ ಚಿಮ್ಮಿಸಿದ ಡೀಸೆಲ್ ಪೂರ್ತಿ ಉರಿಯದೆ ಸಿಲಿಂಡರ್ ಗೋಡೆಯಿಂದ ಜಾರಿ ಕೆಳಗಿನ ಎಂಜಿನ್ ಆಯಿಲ್‌ಗೆ ಸೇರುತ್ತದೆ.

ನಮ್ಮ ಬೀದಿಯ ಮಂಡಿ ವ್ಯಾಪಾರಿಯೊಬ್ಬರು ಏಳು ಲಕ್ಷ ಕೊಟ್ಟು ಅಂಥದೊಂದು ಗಾಡಿ ತಂದಿದ್ದರು. ಬೆಳಗಿನ ಜಾವ ಮಂಡಿಗೆ, ಬಿಸಿಲೇರುವ ಹೊತ್ತಿಗೆ ಮನೆಗೆ, ಅಷ್ಟೇ ಅದರ ಓಡಾಟ. ಪಿಕಪ್ ಇಲ್ಲ ಅಂತ ಗ್ಯಾರೇಜಿಗೆ ತಂದಾಗ ನಾನೂ ಅಲ್ಲಿದ್ದೆ.

"ಆಯಿಲ್ ಒಂದ್ ಚೂರೂ ಕಮ್ಮಿ ಆಗಿಲ್ಲ ಕಣಪ್ಪ, ನೋಡ್ಬೇಕಾದ್ರೆ" ಅಂದರು.

ಮೆಕ್ಯಾನಿಕ್ ಹುಡುಗ ಡಿಪ್‌ಸ್ಟಿಕ್ ಎಳೆದು ಬಟ್ಟೆಯಲ್ಲಿ ಒರೆಸಿ, ಮತ್ತೆ ಇಳಿಸಿ ಎತ್ತಿ ತೋರಿಸಿದ. "ಅಣ್ಣಾ, ಅದೇ ತೊಂದ್ರೆ. ಮೇಲಿನ ಗೆರೆ ದಾಟಿ ಬಂದೈತೆ ನೋಡಿ. ಮೂಸಿ ನೋಡಿ."

ಮೂಸಿದರೆ ಡೀಸೆಲ್ ವಾಸನೆ. ಬೆರಳಿಗೆ ಹಚ್ಚಿ ಉಜ್ಜಿದರೆ ಜಿಡ್ಡೇ ಇಲ್ಲ, ಎಂಜಿನ್ ಆಯಿಲ್ ಅನ್ನುವುದು ನೀರಾಗಿತ್ತು. ಅಂಥ ಆಯಿಲ್‌ನ ಮೇಲೆ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಟರ್ಬೊ ಶಾಫ್ಟ್ ಎಷ್ಟು ದಿನ ನಿಂತೀತು? ಪೈಪ್ ಬಿಚ್ಚಿ ಶಾಫ್ಟ್ ತುದಿಯನ್ನು ಬೆರಳಲ್ಲಿ ಅಲ್ಲಾಡಿಸಿದ, ಲೊಡಲೊಡ ಅಂದಿತು. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ತಿರುಗಿಸುವ ಇಜಿಆರ್ ವಾಲ್ವ್ ಬಿಚ್ಚಿದರೆ ಒಳಗೆ ಎಣ್ಣೆ ಕಲಸಿದ ಕಾಡಿಗೆಯ ಹಾಗೆ ಗಟ್ಟಿ ಮಸಿ, ಗಾಳಿ ಹೋಗುವ ದಾರಿ ಅರ್ಧಕ್ಕರ್ಧ ಮುಚ್ಚಿತ್ತು.

ಅಧಿಕೃತ ಸರ್ವಿಸ್ ಸೆಂಟರ್‌ನವರು ಕೊಟ್ಟ ಎಸ್ಟಿಮೇಟ್ ಎರಡು ಲಕ್ಷ ದಾಟಿತ್ತು. ಡಿಪಿಎಫ್ ಹೊಸದು, ಟರ್ಬೊ ಪೂರ್ತಿ ಅಸೆಂಬ್ಲಿ ಹೊಸದು, ಇಜಿಆರ್ ಹೊಸದು. ಬಿಚ್ಚಿ ಸರಿ ಮಾಡುವ ಮಾತೇ ಇಲ್ಲ. ಈ ಹುಡುಗ ಬೆಂಗಳೂರಿನಿಂದ ಟರ್ಬೊದ ಒಳಗಿನ ಕೋರ್ ಮಾತ್ರ ತರಿಸಿದ, ಇಜಿಆರ್ ತೊಳೆದ, ಆಯಿಲ್ ಬದಲಿಸಿ, ಸ್ಕ್ಯಾನರ್ ಹಾಕಿ ಗಾಡಿ ನಿಲ್ಲಿಸಿಯೇ ರೀಜನರೇಷನ್ ಮಾಡಿಸಿದ. ಖರ್ಚು ಆ ಎಸ್ಟಿಮೇಟಿನ ಕಾಲು ಭಾಗಕ್ಕೆ ಇಳಿಯಿತು. ಎರಡು ಲಕ್ಷದ ಕೆಲಸ ಅಂತ ಹೇಳಿದ್ದು ಎರಡು ಲಕ್ಷದ ಕೆಲಸ ಆಗಿರಲೇ ಇಲ್ಲ. ನನ್ನ ಸಿಟ್ಟು ಇರುವುದು ಅಲ್ಲಿ.

ಪೆಟ್ರೋಲ್ ಕಡೆಗೆ ಹೋದರೂ ಪೂರ್ತಿ ಪಾರಾಗುವುದಿಲ್ಲ. ಒಂದು ಲೀಟರ್ ಸುಮಾರಿನ ಎಂಜಿನ್‌ಗೆ ಟರ್ಬೊ ಕೂರಿಸಿ 110, 120 ಎಚ್‌ಪಿ ತೆಗೆಯುತ್ತಾರೆ. ಓಡಿಸಲು ಖುಷಿ, ಅದರಲ್ಲಿ ಎರಡು ಮಾತಿಲ್ಲ. ಡೈರೆಕ್ಟ್ ಇಂಜೆಕ್ಷನ್ ಇದ್ದರೆ ಪೆಟ್ರೋಲ್ ನೇರ ಸಿಲಿಂಡರಿಗೇ ಬೀಳುತ್ತದೆ. ಮೊದಲು ಇನ್‌ಟೇಕ್ ವಾಲ್ವ್‌ನ ಬೆನ್ನ ಮೇಲೆ ಬಿದ್ದು ಅದನ್ನು ತೊಳೆದುಕೊಂಡೇ ಹೋಗುತ್ತಿದ್ದ ಪೆಟ್ರೋಲ್ ಈಗ ಅಲ್ಲಿಗೆ ಬರುವುದೇ ಇಲ್ಲ, ಹಾಗಾಗಿ ಅಲ್ಲಿ ಕಾರ್ಬನ್ ಕೂರುತ್ತದೆ. ಯುರೋಪಿನಲ್ಲಿ ಪ್ಯೂಜೋ, ಸಿಟ್ರೊಯೆನ್ ಕಾರುಗಳ ಪ್ಯೂರ್‌ಟೆಕ್ 1.2 ಲೀಟರ್ ಎಂಜಿನ್‌ನ ಟೈಮಿಂಗ್ ಬೆಲ್ಟ್ ಆಯಿಲ್‌ನಲ್ಲೇ ಮುಳುಗಿ ತಿರುಗುವಂಥದ್ದು. ಅದು ಸವೆದು ಪುಡಿಯಾಗಿ ಆಯಿಲ್ ಪಂಪಿನ ಜಾಲರಿ ಕಟ್ಟಿಕೊಂಡು ಎಷ್ಟು ರಂಪವಾಯಿತೆಂದರೆ, ಅದನ್ನು ತಯಾರಿಸುವ ಸ್ಟೆಲ್ಲಾಂಟಿಸ್ ಕಂಪನಿ 10 ವರ್ಷ ಅಥವಾ 1.75 ಲಕ್ಷ ಕಿಲೋಮೀಟರ್‌ವರೆಗೆ ಜವಾಬ್ದಾರಿ ಹೊರಬೇಕಾಯಿತು. ಗಟ್ಟಿತನಕ್ಕೆ ಹೆಸರಾದ ಟೊಯೋಟಾ ಕೂಡ 2024ರಲ್ಲಿ ಅಮೆರಿಕದಲ್ಲಿ ಒಂದು ಲಕ್ಷದಷ್ಟು ಟಂಡ್ರಾ, ಲೆಕ್ಸಸ್ ಗಾಡಿಗಳನ್ನು ವಾಪಸ್ ಕರೆಯಿತು, ಎಂಜಿನ್ ಒಳಗೆ ಲೋಹದ ಚೂರು ಉಳಿದುಬಿಟ್ಟಿತ್ತು. 2025ರಲ್ಲಿ ಜನರಲ್ ಮೋಟರ್ಸ್ ಸುಮಾರು ಆರು ಲಕ್ಷ 6.2 ಲೀಟರ್ ವಿ8 ಗಾಡಿಗಳನ್ನು ಕರೆಸಿ, ತಪಾಸಣೆಯಲ್ಲಿ ಪಾಸಾದವಕ್ಕೆ 0ಡಬ್ಲ್ಯೂ-20 ಬದಲು ಇನ್ನೂ ಗಟ್ಟಿಯಾದ 0ಡಬ್ಲ್ಯೂ-40 ಆಯಿಲ್ ಹಾಕಿ ಕಳಿಸಿತು. ಮೈಲೇಜ್ ಲೆಕ್ಕಕ್ಕಾಗಿ ಆಯಿಲ್ಲನ್ನು ತೆಳ್ಳಗೆ ಮಾಡುತ್ತಾ ಹೋದದ್ದರ ಬಗ್ಗೆ ಮೆಕ್ಯಾನಿಕ್‌ಗಳು ಗೊಣಗುತ್ತಿದ್ದಾಗ ಯಾರೂ ಕಿವಿಗೊಟ್ಟಿರಲಿಲ್ಲ.

ಈ ರೀಕಾಲ್‌ಗಳಲ್ಲಿ ಒಂದು ಸಮಾಧಾನ ಇದೆ. ಅಲ್ಲಿ ಕಂಪನಿ ಹೊಣೆ ಹೊತ್ತಿತು. ನಮ್ಮಲ್ಲಿ ಹೊಣೆ ಯಾರದು ಅನ್ನುವುದೇ ಸ್ಪಷ್ಟವಿಲ್ಲ.

2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಕಾರಣ ಇದೇ. ಸ್ಪೇರ್ ಪಾರ್ಟ್ಸ್, ರಿಪೇರಿ ಮಾಹಿತಿ, ತಪಾಸಣೆಯ ಉಪಕರಣ ಯಾವುದೂ ಹೊರಗಿನ ಗ್ಯಾರೇಜಿಗೆ ಸಿಗದಂತೆ ಮಾಡಿದ್ದಾರೆ ಅಂತ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ರೈಟ್ ಟು ರಿಪೇರ್ (ರಿಪೇರಿಯ ಹಕ್ಕು) ಪೋರ್ಟಲ್ ತೆರೆಯಿತು, ಅದರಲ್ಲಿ ವಾಹನಗಳೂ ಸೇರಿವೆ. ಆದರೆ ಪೋರ್ಟಲ್‌ನಲ್ಲಿ ಮ್ಯಾನುವಲ್ ಮತ್ತು ಸರ್ವಿಸ್ ಸೆಂಟರ್ ವಿಳಾಸ ಇದ್ದ ಮಾತ್ರಕ್ಕೆ ರಿಪೇರಿ ಆಗುವುದಿಲ್ಲ. ಕಾಮನ್ ರೈಲ್‌ನ ಇಂಜೆಕ್ಟರ್ ನೋಡಿ. ಟೈರಿಗೆ ಹೊಡೆಸುವ ಗಾಳಿ ಎರಡು ಬಾರ್ ಚಿಲ್ಲರೆ, ಇಲ್ಲಿ 1,600ರಿಂದ 2,000 ಬಾರ್ ಒತ್ತಡ. ಪ್ರತಿ ಇಂಜೆಕ್ಟರ್‌ಗೂ ಫ್ಯಾಕ್ಟರಿಯಲ್ಲೇ ಪರೀಕ್ಷಿಸಿ ಅದರ ತಲೆಯ ಮೇಲೆ ಒಂದು ಕೋಡ್ ಕೊರೆದಿರುತ್ತಾರೆ. ಹೊಸದು ಹಾಕಿದರೆ ಆ ಕೋಡನ್ನು ಎಂಜಿನ್ ಕಂಪ್ಯೂಟರ್‌ಗೆ ತುಂಬಬೇಕು. ಅದಕ್ಕೆ ಬೇಕಾದ ಸಾಫ್ಟ್‌ವೇರ್ ಹೊರಗಿನವನಿಗೆ ಕೊಡದಿದ್ದರೆ ಅವನ ಕೈಯಲ್ಲಿ ಎಷ್ಟೇ ಕಸುಬಿದ್ದರೂ ಪ್ರಯೋಜನವಿಲ್ಲ. ಬ್ಲಾಕ್ ವಿಚಾರವೂ ಅಷ್ಟೇ. ಈಗಿನ ಅನೇಕ ಅಲ್ಯುಮಿನಿಯಂ ಬ್ಲಾಕ್‌ಗಳಿಗೆ ಕಂಪನಿ ಓವರ್‌ಸೈಜ್ ಪಿಸ್ಟನ್ನೇ ಕೊಡುವುದಿಲ್ಲ. ಒಂದು ಸಿಲಿಂಡರ್ ಗೀರಿದರೆ ಇಡೀ ಶಾರ್ಟ್ ಬ್ಲಾಕ್, ಅಂದರೆ ಪಿಸ್ಟನ್ ಸಮೇತ ಎಂಜಿನ್ನಿನ ಕೆಳಭಾಗವನ್ನೇ, ಬದಲಿಸಿ ಅನ್ನುತ್ತಾರೆ.

ಇದರಿಂದ ಪರಿಸರಕ್ಕೂ ಒಳ್ಳೆಯದಾಗುತ್ತಿಲ್ಲ ಅನ್ನುವುದನ್ನು ಸರ್ಕಾರದಲ್ಲಿ ಕೂತವರು ಗಮನಿಸಬೇಕು. ಲಕ್ಷ ರೂಪಾಯಿಯ ಡಿಪಿಎಫ್ ಕೊಳ್ಳಲಾಗದವನು ಏನು ಮಾಡುತ್ತಾನೆ? ಅದನ್ನು ಕತ್ತರಿಸಿ ಒಳಗಿನ ಜರಡಿ ಕಿತ್ತೆಸೆದು, ಜರಡಿ ಇಲ್ಲದ್ದು ಗೊತ್ತಾಗದಂತೆ ಕಂಪ್ಯೂಟರ್ ರೀಮ್ಯಾಪ್ ಮಾಡಿಸಿ ಓಡಿಸುತ್ತಾನೆ. ಅದು ಕಾನೂನಿಗೆ ವಿರುದ್ಧ, ಮಕ್ಕಳ ಆರೋಗ್ಯಕ್ಕೂ ಕೆಡುಕು, ದಯವಿಟ್ಟು ಯಾರೂ ಮಾಡಿಸಬೇಡಿ. ಆದರೆ ರಿಪೇರಿ ಬೆಲೆ ಹೀಗೇ ಇದ್ದರೆ ಜನ ಮಾಡಿಸುತ್ತಲೇ ಇರುತ್ತಾರೆ.

ಅಮೆರಿಕದ ಕಾನೂನಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್‌ಗೂ ಎಂಜಿನ್ನಿನ ಹೊಗೆ ನಿಯಂತ್ರಿಸುವ ಕಂಪ್ಯೂಟರ್‌ಗೂ 8 ವರ್ಷ ಅಥವಾ 80,000 ಮೈಲಿ, ಅಂದರೆ ಸುಮಾರು 1.29 ಲಕ್ಷ ಕಿಲೋಮೀಟರ್ ವಾರಂಟಿ ಕಡ್ಡಾಯ. ಗಾಡಿ ಎಷ್ಟು ಕೈ ಬದಲಾದರೂ ಅದು ಗಾಡಿಯ ಜೊತೆಗೇ ಹೋಗುತ್ತದೆ. ಹೊಗೆ ನಿಯಂತ್ರಣದ ಭಾಗಗಳನ್ನು ಕಾನೂನು ಮಾಡಿ ಹಾಕಿಸಿದ ಮೇಲೆ ಅವು ಬಾಳುವ ಹೊಣೆಯನ್ನೂ ಕಾನೂನಿನಿಂದಲೇ ಕಂಪನಿಯ ಮೇಲೆ ಹೊರಿಸಬೇಕು. ಡಿಪಿಎಫ್, ಇಜಿಆರ್, ಹೊಗೆಗೆ ಯೂರಿಯಾ ಸಿಂಪಡಿಸಿ ಶುದ್ಧ ಮಾಡುವ ಎಸ್‌ಸಿಆರ್ ಮೂರಕ್ಕೂ ಇಲ್ಲಿ ಎಂಟು ವರ್ಷದ ವಾರಂಟಿ ಬರಲಿ. ಇಂಜೆಕ್ಟರ್ ಕೋಡಿಂಗ್, ರೀಜನರೇಷನ್‌ನಂಥ ಕೆಲಸಗಳ ಸಾಫ್ಟ್‌ವೇರನ್ನು ನ್ಯಾಯವಾದ ಶುಲ್ಕಕ್ಕೆ ಎಲ್ಲ ಗ್ಯಾರೇಜಿಗೂ ಕೊಡಲಿ. ನಾನು ಕೇಳುವುದು ಇಷ್ಟೇ, ಇದರಲ್ಲಿ ಆಗದ್ದೇನೂ ಇಲ್ಲ.

ಅಲ್ಲಿಯವರೆಗೆ, ಸೆಕೆಂಡ್ ಹ್ಯಾಂಡ್ ನೋಡುತ್ತಿರುವವರಿಗೆ ಒಂದೆರಡು ಮಾತು. ನಿಮ್ಮ ಓಡಾಟ ಊರೊಳಗೇ ಆದರೆ ಬಿಎಸ್6 ಡೀಸೆಲ್ ಕಡೆ ನೋಡಲೇಬೇಡಿ, ಟರ್ಬೊ ಇಲ್ಲದ ಸಾದಾ ಪೆಟ್ರೋಲ್ ಎಂಜಿನ್ ತೆಗೆದುಕೊಳ್ಳಿ. ಈಗ ಬರುವ 20% ಎಥನಾಲ್ ಪೆಟ್ರೋಲಿನಿಂದ ಮೈಲೇಜ್ ಬೀಳುತ್ತದೆ ನಿಜ. ಹಳೆಯ ವಿನ್ಯಾಸದ ಕಾರುಗಳಲ್ಲಿ 6ರಿಂದ 7% ಕಮ್ಮಿಯಾಗಬಹುದು ಅಂತ ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಅದನ್ನು ಲೆಕ್ಕಕ್ಕೆ ಹಿಡಿದೂ ಸಣ್ಣ ಓಡಾಟಕ್ಕೆ ಸಾದಾ ಪೆಟ್ರೋಲೇ ಅಗ್ಗ. ಡೀಸೆಲ್ಲೇ ಬೇಕಾದರೆ, ಅಡ್ವಾನ್ಸ್ ಕೊಡುವ ಮೊದಲು ನಿಮ್ಮ ಮೆಕ್ಯಾನಿಕನ್ನು ಸ್ಕ್ಯಾನರ್ ಸಮೇತ ಕರೆದೊಯ್ಯಿರಿ. ಡಿಪಿಎಫ್‌ನಲ್ಲಿ ಮಸಿ ಎಷ್ಟಿದೆ, ಕೊನೆಯ ರೀಜನರೇಷನ್ ಯಾವಾಗ ಪೂರ್ತಿಯಾಯಿತು ಅನ್ನುವುದು ಬಹಳ ಗಾಡಿಗಳಲ್ಲಿ ಅದರಲ್ಲೇ ಕಾಣುತ್ತದೆ. ಡಿಪ್‌ಸ್ಟಿಕ್ ಎಳೆದು ಮೂಸಿ. ಮೇಲಿನ ಗೆರೆ ದಾಟಿದ್ದರೆ ಬೆಲೆ ಚೌಕಾಸಿಗೂ ಕೂರಬೇಡಿ, ಎದ್ದು ಬನ್ನಿ.

ಡಿಪಿಎಫ್, ಟರ್ಬೊ, ಇಂಜೆಕ್ಟರ್ ರಿಪೇರಿಯ ಬಿಲ್ ಯಾರ ಬಳಿಯಾದರೂ ಇದ್ದರೆ ಗಾಡಿಯ ಮಾಡೆಲ್, ವರ್ಷ, ಓಡಿದ ಕಿಲೋಮೀಟರ್ ಸಮೇತ ಕೆಳಗೆ ಹಾಕಿ. ಹೊರಗಿನ ಗ್ಯಾರೇಜಿನಲ್ಲಿ ಕಮ್ಮಿಗೆ ಸರಿಹೋಗಿದ್ದರೆ ಯಾವ ಊರು, ಏನು ಮಾಡಿದರು ಅನ್ನುವುದನ್ನೂ ಬರೆಯಿರಿ. ಎಲ್ಲವನ್ನೂ ಒಂದು ಕಡೆ ಸೇರಿಸಿ ಗ್ರಾಹಕ ವ್ಯವಹಾರಗಳ ಇಲಾಖೆಗೆ ಕಳಿಸುತ್ತೇನೆ.