ಕಾಫಿ ಗಿಡದ ಪಕ್ಕದಲ್ಲಿ ಸ್ಯಾಷೆ ಕಾಫಿ

ನಿನ್ನೆ ರಾತ್ರಿ ಚಿಕ್ಕಮಗಳೂರಿನಿಂದ ಮರಳಿದೆ. ಬ್ಯಾಗಿನಲ್ಲಿದ್ದ ಬಟ್ಟೆಗೆಲ್ಲ ಕಾಫಿ ಪುಡಿಯ ಘಮ ಹತ್ತಿದೆ. ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಉಳಿದುಕೊಂಡದ್ದು ತೋಟದ ನಡುವಿನ ಒಂದು ಹೋಂಸ್ಟೇಯಲ್ಲಿ. ಅರೇಬಿಕಾ ಕುಯ್ಲಿನ ಕಾಲ. ಕಿಟಕಿ ತೆರೆದರೆ ಕೈಗೆಟುಕುವಷ್ಟು ಹತ್ತಿರದಲ್ಲಿ ಕೆಂಪು ಹಣ್ಣು ತೂಗುವ ಗಿಡ, ಕೆಳಗಿನ ಕಣದಲ್ಲಿ ಹರಡಿದ ಬೀಜ. ಬೆಳಿಗ್ಗೆ ಕಾಫಿ ಕೇಳಿದೆ. ಬಂದದ್ದು ಒಂದು ಲೋಟ ಬಿಸಿ ಹಾಲು, ತಟ್ಟೆಯಲ್ಲಿ ಎರಡು ಇನ್‌ಸ್ಟಂಟ್ ಸ್ಯಾಷೆ. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ, ಕಾಫಿಗೆ ಬೆರೆಸುವ ಬೇರಿನ ಪುಡಿಯಾದ ಚಿಕೋರಿ ಶೇ. 30 ಎಂದಿತ್ತು. ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಬೆಳೆಯುವ ರಾಜ್ಯ ನಮ್ಮದು, ಅದರಲ್ಲೂ ಬಾಬಾಬುಡನ್ ಯೆಮನ್ನಿನ ಮೋಕಾ ಬಂದರಿನಿಂದ ಏಳು ಬೀಜ ತಂದು ಬಿತ್ತಿದರೆಂದು ಜನ ಹೇಳುವ ಗಿರಿಯ ತಪ್ಪಲು ಇದು. ಇಲ್ಲಿ ಅತಿಥಿಗೆ ಸ್ಯಾಷೆ!

ಮಾಲೀಕರನ್ನು ಕೇಳಿಯೇಬಿಟ್ಟೆ. "ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಏಳುತ್ತಾರೆ ಮೇಡಂ, ಡಿಕಾಕ್ಷನ್ ಇಳಿಸಿಟ್ಟರೆ ಹಾಳಾಗುತ್ತದೆ. ಇದುವರೆಗೆ ಯಾರೂ ಆಕ್ಷೇಪಿಸಿಲ್ಲ" ಎಂದರು. ಅಡುಗೆಮನೆಯ ಹುಡುಗ ಮಾತ್ರ ನನ್ನ ಹಿಂದೆಯೇ ಬಂದು, "ಅಕ್ಕಾ, ಪೇಟೆಗೆ ಹೋದಾಗ ಅಲ್ಲಿ ಕುಡಿಯಿರಿ" ಎಂದು ಒಂದು ಅಂಗಡಿಯ ಗುರುತು ಹೇಳಿದ.

ಎಂ.ಜಿ. ರಸ್ತೆಯಿಂದ ಒಳಕ್ಕೆ ತಿರುಗುವ ಓಣಿ. ಮುಂದೆ ಕಾಫಿ ಪುಡಿಯ ಮಾರಾಟ, ಹಿಂದೆ ನಾಲ್ಕೇ ಬೆಂಚು. ಎಪ್ಪತ್ತು ದಾಟಿದ ಯಜಮಾನರು ಹುರಿದ ಬೀಜವೊಂದನ್ನು ಉಗುರಿನಿಂದ ಒಡೆದು, ಒಳಗಿನ ಬಣ್ಣ ನೋಡಿ, ಮೂಗಿಗೆ ಹಿಡಿದು, ಆಮೇಲೆ ಗಿರಣಿಗೆ ಸುರಿದರು. ಹಿತ್ತಾಳೆಯ ಫಿಲ್ಟರಿನಿಂದ ಡಿಕಾಕ್ಷನ್ ಹನಿಹನಿಯಾಗಿ ಇಳಿಯುತ್ತಿತ್ತು. ಲೋಟದಲ್ಲಿ ಮೊದಲು ಡಿಕಾಕ್ಷನ್, ಮೇಲೆ ಕುದಿವ ಹಾಲು, ಎರಡೇ ಸಲ ಎತ್ತಿ ಹೊಯ್ದದ್ದು. ಮೊದಲ ಗುಟುಕಿಗೆ ಸಣ್ಣ ಕಹಿ, ಗಂಟಲಿಳಿದ ಮೇಲೆ ಬಹಳ ಹೊತ್ತು ನಿಲ್ಲುವ ಸಿಹಿ. ಎದುರಿನ ಬೆಂಚಿನಲ್ಲಿ ಒಬ್ಬ ಆಟೋ ಚಾಲಕ, ಶಾಲೆಗೆ ಹೊರಟ ಇಬ್ಬರು ಮೇಷ್ಟರು. ಅವರಿಗೆ ಇದು ದಿನನಿತ್ಯದ ಕಾಫಿ. ನಾನು ಎರಡನೆಯ ಲೋಟ ಕೇಳಿದೆ, ಮೂರನೆಯದನ್ನೂ.

ಡಿಕಾಕ್ಷನ್ ಹಾಳಾಗುತ್ತದೆಯಂತೆ. ಆ ಹಿರಿಯರು ಒಬ್ಬರೇ ನಸುಕಿನಿಂದ ಮಧ್ಯಾಹ್ನದವರೆಗೆ ಗಂಟೆಗೊಮ್ಮೆ ಹೊಸದಾಗಿ ಇಳಿಸುತ್ತಾರೆ. ಹತ್ತು ಕೋಣೆಯ, ಆಳುಕಾಳಿರುವ ಮನೆಗೆ ಅದು ಆಗದೇ? ಕೈಲಾಗದ ಮಾತಲ್ಲ ಅದು, ಬೇಕೆನ್ನಿಸದ ಮಾತು. ಸ್ವಂತ ಕಣದಲ್ಲಿ ಒಣಗುತ್ತಿರುವ ಬೀಜದ ರುಚಿ ಏನೆಂದು ನೋಡುವ ಆಸೆಯೇ ಹುಟ್ಟಿಲ್ಲ.

ನನಗೆ ಇಷ್ಟೊಂದು ಯಾಕೆ ಉರಿಯಿತು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಅಪ್ಪ ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತರಾಗಿದ್ದರು. ಆಗ ಬೆಳೆಯನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಮಂಡಳಿಯೇ ಮಾರುತ್ತಿದ್ದ ಸಾಮೂಹಿಕ ದಾಸ್ತಾನಿಗೆ, ಒಪ್ಪಿಸಬೇಕಿತ್ತು, ತೊಂಬತ್ತರ ದಶಕದವರೆಗೂ ಆ ಪದ್ಧತಿ ಇತ್ತು. ಅಪ್ಪ ಮೂಟೆ ಎಣಿಸಿ, ಲೆಕ್ಕ ಬರೆದು, ಲಾರಿಗೆ ಹೇರಿಸಿ, ಸಿಪ್ಪೆ ತೆಗೆದು ವಿಂಗಡಿಸುವ ಕ್ಯೂರಿಂಗಿಗೆ ಕಳಿಸುತ್ತಿದ್ದರು. ನಮ್ಮ ಮನೆಗೆ ಬರುತ್ತಿದ್ದದ್ದು ನೀರಲ್ಲಿ ತೇಲುವ ಜೊಳ್ಳು ಬೀಜ, ಒಡೆದ ಬೀಜ. ಅಮ್ಮ ಅದನ್ನೇ ಕಬ್ಬಿಣದ ಬಾಣಲೆಯಲ್ಲಿ ಹುರಿದು ಬೆಲ್ಲದ ಕಾಫಿ ಮಾಡುತ್ತಿದ್ದಳು. ಬೆಂಗಳೂರಿಗೆ ಬಂದ ಮೇಲೆ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಮೊದಲ ಬಾರಿ ಪೀಬರಿ, ಅಂದರೆ ಹಣ್ಣಿಗೊಂದೇ ಇರುವ ದುಂಡು ಬೀಜದ, ಕಾಫಿ ಕುಡಿದು ನಾನು ಅತ್ತಿದ್ದೇನೆ. ಅಪ್ಪ ಮೂವತ್ತು ವರ್ಷ ಲಾರಿಗೆ ಹತ್ತಿಸಿದ್ದು ಇದನ್ನು. ಒಂದು ಲೋಟವನ್ನೂ ಕುಡಿಯದೆ ಹೋದರು.

ಇಂದಿಗೂ ನಮ್ಮ ಕಾಫಿಯ ಬಹುಪಾಲು ಹಡಗು ಹತ್ತುತ್ತದೆ, ಇಟಲಿಯವರು ಎಲ್ಲರಿಗಿಂತ ಹೆಚ್ಚು ಕೊಳ್ಳುತ್ತಾರೆ. ಕೊಳ್ಳಲಿ, ಬೆಳೆಗಾರರಿಗೆ ದುಡ್ಡು ಬರಲಿ. ಆದರೆ ಪೂಲ್ ಹೋಗಿ ಇಷ್ಟು ವರ್ಷವಾಯಿತು. ಈಗ ಯಾರ ಅಡ್ಡಿಯೂ ಇಲ್ಲ. ಒಂದು ಮೂಟೆಯನ್ನು ಮನೆಯ ಒಲೆಗೆ ಇಟ್ಟುಕೊಳ್ಳಲು ಮನಸ್ಸು ಬೇಡವೇ?

ಹೊರಡುವ ಮುನ್ನ ಆ ಅಂಗಡಿಯಲ್ಲಿ ಅರ್ಧ ಕಿಲೋ ಪುಡಿ ಕೊಂಡೆ. ಯಜಮಾನರು ತೂಗುವ ಮೊದಲೇ "ಚಿಕೋರಿ ಬೇಕೇನಮ್ಮಾ?" ಎಂದು ಕೇಳಿದರು. ಬೇಡವೆಂದೆ, ಮುಖ ಅರಳಿತು. ಬಿಸಿ ಆರದ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡೇ ತೋಟಕ್ಕೆ ಬಂದು, ಅದರಲ್ಲಿ ಅರ್ಧವನ್ನು ಅಡುಗೆಮನೆಯ ಹುಡುಗನಿಗೆ ಕೊಟ್ಟೆ. ಫಿಲ್ಟರ್ ಇಲ್ಲವೆಂದು ಪೇಚಾಡಿದ. ಬಿಳಿ ಬಟ್ಟೆಯಲ್ಲಿ ಸೋಸಲು ಹೇಳಿದೆ. ಸೋಸಿ ನನಗೆ ತಂದ ಲೋಟವನ್ನು ಅವನೇ ಕುಡಿಯಬೇಕೆಂದು ಹಟ ಹಿಡಿದೆ, ನಿಂತುಕೊಂಡೇ ಕುಡಿದ. ಅವನ ತಾಯಿ ಅದೇ ತೋಟದಲ್ಲಿ ಹಣ್ಣು ಕೊಯ್ಯುತ್ತಾಳಂತೆ. ಇನ್ನೊಂದು ಲೋಟ ಸೋಸಿ, ಅವಳಿಗೆಂದು ತಟ್ಟೆ ಮುಚ್ಚಿಟ್ಟ.